ಬಾವಿಯಾಟದ ಚಿಲಕ

ತಂಪೂರು,
ಫೆಬ್ರವರಿ ೩೦, ೨೧೯೬

ಆಟದ ಪೆಟ್ಟಿಗೆ ಕಟ್ಟುವ ಹಿಂದಿನ ಕಾಲದವರಿಗೆ ಅಕ್ಕಯಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನೆಲದಡಿಗೆ ಇಳಿದ ಮೇಲೆ ನಾವು ಸೂರ್ಯನ ಲೆಕ್ಕ ಬಿಟ್ಟು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದ ನಿಮಗೆ ಹೇಗೆ ತಲುಪಿತೆಂದು ಮಾತ್ರ ಕೇಳಬೇಡಿ, ಅದು ನನಗೂ ಅರ್ಥವಾಗಿಲ್ಲ.

ತಂಪೂರು ಎಂದರೆ ಕೋಲಾರದ ಕಡೆಯ ಹಳೆಯ ಗಣಿಯೊಳಗಿನ ಊರು. ಮೇಲಿನ ಸೆಖೆ ತಾಳಲಾರದೆ ನಮ್ಮ ಮುತ್ತಜ್ಜಿಯರು ಇಲ್ಲಿಗೆ ಬಂದರು. ಇಲ್ಲಿ ಗಾಳಿ ಸುಮ್ಮನೆ ಬೀಸುವುದಿಲ್ಲ. ಉಸಿರುಗೊಳವೆ ಎಂಬ ಕೊಳವೆಗಳಲ್ಲಿ ಮೇಲಿನಿಂದ ಇಳಿಯುತ್ತದೆ, ಮನೆಮನೆಗೂ ಇಷ್ಟೇ ಪಾಲು. ನಾವು ಚಿಕ್ಕವರಿದ್ದಾಗ ಅಮ್ಮಂದಿರು ಕೊಳವೆಯ ಬಾಯಿಗೆ ತೆಳುಬಟ್ಟೆ ಕಟ್ಟಿ, ಅದು ಅಲುಗಾಡುತ್ತಿದೆಯೇ ಎಂದು ಅಡುಗೆ ಮಾಡುತ್ತಲೇ ನೋಡುತ್ತಿದ್ದರು. ಓಡಿದರೆ ಉಸಿರು ಜಾಸ್ತಿ ಬೇಕಲ್ಲ, ಹಾಗಾಗಿ ಓಡುವ ಮಕ್ಕಳಿಗೆ ಬೈಗುಳ. ನಮಗೆ ಉಳಿದದ್ದು ಮುನಿಶಾಮಪ್ಪನ ಆಟದಂಗಡಿಯ ಬಾವಿಯಾಟ. ಗಾಜಿನ ಬಾಗಿಲ ಪೆಟ್ಟಿಗೆಯೊಳಗೆ ಕೂತು, ಹಿಡಿಕೆ ತಿರುಗಿಸುತ್ತಾ, ತೆರೆಯ ಮೇಲಿನ ಬಾವಿಗೆ ಬುಟ್ಟಿ ಇಳಿಸಬೇಕು. ಮೇಲಿನಿಂದ ಕಲ್ಲು ಉದುರುತ್ತವೆ, ತಪ್ಪಿಸಿಕೊಳ್ಳಬೇಕು. ಬುಟ್ಟಿ ಬಿದ್ದರೆ ಸೋತಂತೆ. ಆಹಾ, ಎಂಥ ಆಟ! ನೆನೆದರೆ ಈಗಲೂ ಕೈ ಸುಮ್ಮನಿರುವುದಿಲ್ಲ. ಆಟದ ನಡುವೆ ಒಬ್ಬರು ಇಳಿದು ಇನ್ನೊಬ್ಬರು ನುಸುಳಬಾರದೆಂದು, ಸೋತಾಗ ಮಾತ್ರ ಬಾಗಿಲು ತೆರೆಯುವಂತೆ ಮಾಡಿದ್ದರು. ಪೆಟ್ಟಿಗೆಗೆ ಒಂದು ಆಟಕ್ಕಾಗುವಷ್ಟೇ ಗಾಳಿ. ಎಲ್ಲರೂ ಬೇಗ ಸೋಲುತ್ತಿದ್ದುದರಿಂದ ಅದು ಸಾಕಾಗುತ್ತಿತ್ತು.

ನನ್ನ ತಂಗಿ ಅಲಮೇಲು ಸೋಲುವವರ ಪೈಕಿಯಲ್ಲ. ಒಂದು ದಿನ ಯಾರೂ ಕಾಣದ ಹಂತ ದಾಟಿಬಿಟ್ಟಳು. ಹೊರಗೆ ನಾವೆಲ್ಲ ಕುಣಿಯುತ್ತಿದ್ದೆವು. ಆಗ ಒಳಗೆ ಕೆಂಪು ದೀಪ ಹತ್ತಿತು. ಗಾಳಿ ಮುಗಿಯುತ್ತಿದೆ ಎಂದು ಹೇಳುವ ದೀಪ ಅದು. ಅವಳು ಹೊಸ ಹಂತ ಬಂತೆಂದುಕೊಂಡಳು. ಮುನಿಶಾಮಪ್ಪ ಸ್ಟೂಲೆತ್ತಿ ಬಡಿದ, ಗಾಜು ಜಗ್ಗಲಿಲ್ಲ. "ಕರೆಂಟ್ ತೆಗೆದ್ರೆ ಬಾಗ್ಲು ತೆಗ್ಯೋದೇ ಇಲ್ಲ ಕಣಮ್ಮಾ, ಏನ್ ಮಾಡ್ಲಿ?" ಎಂದು ಅತ್ತೇಬಿಟ್ಟ. ಆಟದ ಸದ್ದಿನಲ್ಲಿ ನಮ್ಮ ಕೂಗು ಒಳಗೆ ಕೇಳುತ್ತಿರಲಿಲ್ಲ. ಹೆಬ್ಬೆರಳೆತ್ತಿ 'ಟೈಂಪ್ಲೀಸ್' ಅಂದರೆ ಎಂಥ ಆಟವೂ ನಿಲ್ಲಲೇಬೇಕು ಎಂಬುದು ನಮ್ಮ ಓಣಿಯ ಕಾನೂನು, ನಿಮ್ಮ ಮಕ್ಕಳಿಂದಲೇ ಬಂದದ್ದಂತೆ. ನಾನು ಗಾಜಿಗೆ ಹೆಬ್ಬೆರಳೊತ್ತಿ ತೋರಿಸಿದೆ. ಅವಳು ಅದನ್ನು ಶಭಾಷ್ ಎಂದು ತಿಳಿದು, ಹಲ್ಲು ಕಿರಿದು, ಇನ್ನೂ ಹುರುಪಿನಿಂದ ಆಡತೊಡಗಿದಳು. ಅವಳ ತುಟಿ ಆಗಲೇ ನೀಲಿಯಾಗುತ್ತಿತ್ತು.

ಅವಳು ಸೋಲಬೇಕಿತ್ತು, ಬೇರೆ ದಾರಿಯಿರಲಿಲ್ಲ. ಮತ್ತೆ ಗಾಜು ಕುಟ್ಟಿದೆ. ಅವಳು ನೋಡಿದಾಗ ಕಿರುಬೆರಳು ಚಾಚಿ ಠೂ ಬಿಟ್ಟೆ. ಠೂ ಬಿಡುವುದೆಂದರೆ, ಇನ್ನು ನಿನಗೂ ನನಗೂ ಮಾತಿಲ್ಲ ಎಂದು. ಅವಳಿಗೆ ನಾನೆಂದೂ ಠೂ ಬಿಟ್ಟವಳಲ್ಲ. ಮನಸ್ಸು ಮುರಿದರೆ ಕೈ ತಪ್ಪೀತು ಎಂಬುದೊಂದೇ ಆಸೆ. ಅವಳು ನಂಬಲೆಂದು ಬೆನ್ನು ತಿರುಗಿಸಿ ನಿಂತೆ. ತಿರುಗಿ ನೋಡಿದರೆ ಕೆಲಸ ಕೆಟ್ಟೀತು, ನೋಡದಿದ್ದರೆ ಅವಳು ಇದ್ದಾಳೋ ಇಲ್ಲವೋ ತಿಳಿಯದು. ಕೊನೆಗೆ ಬುಟ್ಟಿ ಬಿದ್ದ ಸದ್ದು, ಬಾಗಿಲು ತೆರೆದ ಸದ್ದು, ಆಮೇಲೆ ಕೆಮ್ಮು. "ಯಾಕಕ್ಕಾ ಠೂ ಬಿಟ್ಟೆ? ಗೆಲ್ತಾ ಇದ್ನಲ್ಲಾ!" ಎಂದು ನನ್ನ ಜಡೆ ಹಿಡಿದು ಎಳೆದಳು. ನಾನು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆ.

ನನ್ನ ಕೋರಿಕೆ ಇಷ್ಟೇ. ನೀವು ಎಂಥ ಪೆಟ್ಟಿಗೆಯನ್ನಾದರೂ ಕಟ್ಟಿ, ಅದಕ್ಕೊಂದು ಚಿಲಕ ಇಡಿ. ಅದನ್ನು ಹೊರಗಡೆ ಇಡಿ. ಆಡುವವರ ಕೈಗೆ ಸಿಗುವಂತೆ ಒಳಗಿಟ್ಟರೆ ಸಾಲದೇ ಎಂದು ನಾನೂ ಯೋಚಿಸಿದ್ದೆ. ಅಲಮೇಲು ಈಗ ಮೊಮ್ಮಕ್ಕಳನ್ನು ಕಂಡವಳು, ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ. ಅವಳನ್ನೇ ಕೇಳಿದೆ.

"ಒಳ್ಗೆ ಚಿಲ್ಕ ಇದ್ದಿದ್ರೂ ನಾನು ಮುಟ್ತಿರ್ಲಿಲ್ಲ ಬಿಡಕ್ಕಾ" ಎಂದಳು.