ಅಘನಾಶಿನಿಯ ಭರತಕ್ಕೆ ನಾನು ಹೊರಡಿಸಿದ ನಿಷೇಧಾಜ್ಞೆ

ಅಳಿವೆಯ ಒಡ್ಡುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿ ಮೂರು ಸಲ ತಳ್ಳಿಹಾಕಿದ ನೋಟ್‌ಬುಕ್ಕೊಂದು ನಿಜವನ್ನೇ ಹೇಳುತ್ತಿತ್ತು. ತಮ್ಮ ಕಚೇರಿ ವಾರ್ಷಿಕ ವರದಿಯಲ್ಲಿ ಫೋಟೋ ಸಮೇತ ಅಚ್ಚು ಹಾಕಿಸಿದ ಫಲಕವೊಂದು ಶುದ್ಧ ಸುಳ್ಳು. ನೋಟ್‌ಬುಕ್ ಶಾಂಭವಿ ಮೇಡಂ ಅವರದು. ಫಲಕ ನನ್ನದು. ನೋಟ್‌ಬುಕ್ಕನ್ನು ಬಿಟ್ಟು ಫಲಕವನ್ನು ನಂಬಿದ್ದರಿಂದ ಅಘನಾಶಿನಿಯ ನಮ್ಮ ಕೇರಿಯಲ್ಲಿ ಉಳಿದಿದ್ದ ಕೊನೆಯ ಕಗ್ಗ ಭತ್ತದ ಬೀಜ ಹಾಳಾಯಿತು.

ಮೇಡಂ ಕುಮಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ನಾನು ಹಿಂದಿನ ಬೆಂಚಿನ ಶಿಷ್ಯ. ಹನ್ನೊಂದು ವರ್ಷ, ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ ಬಸ್ಸು ಹತ್ತಿ ಬಂದು, ನಮ್ಮ ಹಳೆಯ ದೋಣಿ ಧಕ್ಕೆಯ ಕಲ್ಲುಕಂಬದ ಮೇಲೆ ಭರತದ, ಅಂದರೆ ಉಬ್ಬರದ, ನೀರು ಎಲ್ಲಿಯವರೆಗೆ ಮುಟ್ಟಿತೆಂದು ಅಳೆದು ಬರೆದುಕೊಂಡವರು. ಅಷ್ಟು ವರ್ಷಗಳಲ್ಲಿ ಗುರುತು ಮೂರು ಬೆರಳು ಮೇಲೇರಿತ್ತು; ಗಾಳಿ ಜೋರಿದ್ದ ದಿನ ಇನ್ನೂ ಒಂದು ಗೇಣು. ಮೂರು ಬೆರಳು ಕೇಳಿ ಯಾರು ಹೆದರುತ್ತಾರೆ? "ಅಂಕಿ ಓದುವುದಕ್ಕೆ ಯಾರಿಗೂ ಪುರಸೊತ್ತಿಲ್ಲ ರಾಜೇಶಾ, ಕತೆ ಮಾಡಿದರೆ ಓದಿಯಾರು" ಎಂದು ಮೇಡಂ ಕಾದಂಬರಿ ಬರೆದರು. ಹೊನ್ನಾವರದ ಸಾಹಿತ್ಯಗೋಷ್ಠಿಯಲ್ಲಿ ಹಾರ ಹಾಕಿ, "ಕತೆ ಸ್ವಲ್ಪ ಕಡಿಮೆ, ವಿಜ್ಞಾನ ಸ್ವಲ್ಪ ಜಾಸ್ತಿ" ಎಂದು ಕಳಿಸಿದರು. ತಮ್ಮ ಕಚೇರಿಗೆ ಬಂದಾಗ ಅದೇ ಕಾಯಿಲೆ ತಿರುವುಮುರುವಾಯಿತು. ಒಡ್ಡು ಎತ್ತರಿಸಿ ಎಂದು ಮೂರನೆಯ ಸಲ ಕೊಟ್ಟ ಅರ್ಜಿಗೆ ತಾವು ಬರೆದ ಉತ್ತರ ನನಗೆ ಬಾಯಿಪಾಠ: "ಅರ್ಜಿದಾರರು ಕಾದಂಬರಿಕಾರರಾಗಿದ್ದು, ಲಗತ್ತಿಸಿದ ಅಂಕಿ-ಅಂಶಗಳು ಸದರಿಯವರ ಕಾದಂಬರಿಯಲ್ಲಿಯೂ ಕಂಡುಬರುವುದರಿಂದ ಅವುಗಳನ್ನು ಕಾಲ್ಪನಿಕವೆಂದು ಪರಿಗಣಿಸಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಆಹಾ! ಕತೆ ಬರೆಯುವವರಿಗೆ ಜ್ವರ ಬಂದರೆ ಥರ್ಮಾಮೀಟರನ್ನೂ ಕಾಲ್ಪನಿಕವೆಂದು ಪರಿಗಣಿಸುತ್ತೀರಾ? ಅವರು ತಮ್ಮ ಕಚೇರಿಯ ಮಾಡಿಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೆ, ಶೈಲಿ ಚೆನ್ನಾಗಿದೆ ಎಂದು ಹೇಳಿ ಕುಳಿತಿರುತ್ತೀರಾ?

ಆ ಉತ್ತರ ಓದಿ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ತಮಾಷೆ ಹೊಳೆಯಿತು. ಗೆಳೆಯ ಸಂದೇಶನ ಪೇಂಟಿಂಗ್ ಅಂಗಡಿಯಲ್ಲಿ ತಗಡಿನ ಫಲಕವೊಂದನ್ನು ಮಾಡಿಸಿದೆ. ಮೇಲೆ ದಪ್ಪಕ್ಷರದಲ್ಲಿ "ಭರತದ ನೀರಿನ ಗರಿಷ್ಠ ಮಿತಿ". ಕೆಳಗೆ ಸಣ್ಣಕ್ಷರದಲ್ಲಿ "ಸಮುದ್ರವು ಈ ಗೆರೆಯನ್ನು ದಾಟತಕ್ಕದ್ದಲ್ಲ. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಆದೇಶದ ಮೇರೆಗೆ." ಜೊತೆಗೊಂದು ಗುಂಡನೆಯ ಮೊಹರು. ಅದನ್ನು ಗಜನಿ ಗದ್ದೆಯ ಒಡ್ಡಿನ ಮೇಲೆ ನೆಟ್ಟು, ಬುಡದಲ್ಲಿ ಕೆಂಪು ಗೆರೆ ಎಳೆದೆ. ಒಂದು ವಾರ ಊರು ನಗಲಿ, ಆಮೇಲೆ ಕಿತ್ತರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ತಮ್ಮ ಸಿಬ್ಬಂದಿ ಜೀಪಿನಲ್ಲಿ ಬಂದು, ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ವರದಿಯಲ್ಲಿ ಬಂತು: "ಮುನ್ನೆಚ್ಚರಿಕಾ ಕ್ರಮವಾಗಿ ಮಿತಿಸೂಚಕ ಫಲಕ ಅಳವಡಿಸಲಾಗಿದೆ." ಯಾರು ಅಳವಡಿಸಿದರೆಂದು ಕೇಳುವ ಒಬ್ಬ ಮನುಷ್ಯ ಇಡೀ ಕಚೇರಿಯಲ್ಲಿ ಇರಲಿಲ್ಲವೇ? ನಾನಾದರೂ ಆವತ್ತೇ ಕೀಳಬೇಕಿತ್ತು. ಕೀಳಲಿಲ್ಲ. ಚಾ ಅಂಗಡಿಯಲ್ಲಿ ಆ ವರದಿಯ ಪುಟ ತೋರಿಸಿ ಹೆಮ್ಮೆಪಡುವುದರಲ್ಲಿ ತಿಂಗಳುಗಳು ಹೋದವು.

ಇನ್ನು ಗಂಗಿ ಅತ್ತೆಯ ವಿಷಯ. ನಮ್ಮ ಪಕ್ಕದ ಮನೆಯಾಕೆ. ಗಜನಿಯೆಂದರೆ ಅಳಿವೆಯ ಉಪ್ಪುನೀರಿನ ಅಂಚಿನ ಗದ್ದೆ. ಅಲ್ಲಿ ಉಪ್ಪು ತಾಳಿ ನಿಲ್ಲುವ ಭತ್ತ ಕಗ್ಗ. ಕೇರಿಯವರೆಲ್ಲ ಗದ್ದೆಯನ್ನು ಸಿಗಡಿಗೆ ಬಿಟ್ಟ ಮೇಲೂ ಕಗ್ಗ ಬಿತ್ತುತ್ತಿದ್ದವಳು ಅವಳೊಬ್ಬಳೇ. ಮೇಡಂ ಮಾತು ಕೇಳಿ ಪ್ರತಿವರ್ಷ ಹುಲ್ಲು ಸುತ್ತಿ ಕಟ್ಟಿದ ಬೀಜದ ಮುಡಿಗಳನ್ನು ಮಿರ್ಜಾನದ ತವರುಮನೆಯ ಅಟ್ಟಕ್ಕೆ ಸಾಗಿಸುತ್ತಿದ್ದಳು. ಹೋದ ವರ್ಷ ಸಾಗಿಸಲಿಲ್ಲ, ಒಡ್ಡಿನ ಪಕ್ಕದ ಕೊಟ್ಟಿಗೆಯಲ್ಲೇ ಇಟ್ಟಳು. ಅವಳಿಗೆ ಓದು ಬರುವುದಿಲ್ಲ. ಕೇರಿಯ ಲಿಂಗಪ್ಪಣ್ಣ ದಪ್ಪಕ್ಷರದ ಸಾಲಷ್ಟನ್ನೇ ಓದಿ ಹೇಳಿದ್ದ. "ಇನ್ನೆಂತಕ್ಕೆ ಅಷ್ಟು ದೂರ ಹೊತ್ಕಂಡು ಹೋಗೂದಾ ತಮಾ? ಸರ್ಕಾರದವ್ರೇ ಅಳತೆ ಮಾಡಿ ಗೀಟು ಹಾಕಿರಲಾ" ಎಂದು ನನ್ನೆದುರೇ ಅಂದಿದ್ದಳು. ಆಕೆ ಮುಡಿಗಳ ಮಾತಾಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ನಕ್ಕೆ.

ಮೇ ಕೊನೆಯ ಅಮಾವಾಸ್ಯೆ, ಹಗಲು ಹನ್ನೊಂದೂವರೆ. ಹೊರಗೆ ತೂಫಾನು ಎದ್ದಿತ್ತು. ಭರತವು ನನ್ನ ಆದೇಶವನ್ನು ಉಲ್ಲಂಘಿಸಿ, ಒಡ್ಡನ್ನು ಎರಡು ಕಡೆ ಒಡೆದು ಒಳಬಂತು. ಕೊಟ್ಟಿಗೆಯಲ್ಲಿ ಮೂರು ದಿನ ಸೊಂಟದವರೆಗೆ ನೀರು. ಉಪ್ಪು ತಾಳುವುದು ನಿಂತ ಪೈರು. ಮುಡಿಯೊಳಗೆ ನೆನೆದ ಬೀಜ ಕೊಳೆಯುತ್ತದೆ. ಗಂಗಿ ಅತ್ತೆ ಒಂದೊಂದೇ ಮುಡಿ ಬಿಚ್ಚಿ, ಮುಷ್ಟಿಯಲ್ಲಿ ತೆಗೆದು ಮೂಸಿ, ಬದಿಗೆ ಸುರಿದಳು. ಕೊನೆಯ ಮುಡಿಯನ್ನು ಬಿಚ್ಚಲಿಲ್ಲ.

ಮೇಡಂ ಬಳಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ. ಅವರು ತಮ್ಮ ಕಾದಂಬರಿ ತೆರೆದು ಒಂದು ಪುಟ ತೋರಿಸಿದರು. ಅದರಲ್ಲಿಯೂ ಒಡ್ಡು ಒಡೆಯುತ್ತದೆ, ಕೇರಿಯ ಬೀಜ ಹೋಗುತ್ತದೆ. ಆದರೆ 2041ರಲ್ಲಿ. "ಅಷ್ಟು ಸಮಯ ಇದೆ ಅಂದ್ಕೊಂಡಿದ್ದೆ" ಅಂದರು. ಮಾನ್ಯರೇ, ತಾವು ಗೆದ್ದಿರಿ. ಅವರ ಅಂಕಿಗಳಲ್ಲಿ ಒಂದು ನಿಜಕ್ಕೂ ಕಾಲ್ಪನಿಕವಾಗಿತ್ತು.

ಗಂಗಿ ಅತ್ತೆಗೂ ಹೇಳಿದೆ. "ನೀ ಬರೆಸದ್ದಾ? ನಾ ಸರ್ಕಾರದ್ದೇ ಅಂದ್ಕಂಡಿದ್ದೆ ಮಾರಾಯಾ" ಅಂದಳು. ನಂತರ ಕೇಳಿದಳು: "ಹಂಗಾರೆ ಖರೇ ಗೀಟು ಎಲ್ಲದೆ?"

ಇದಕ್ಕೆ ಉತ್ತರ ಇರುವುದು ಒಂದೇ ಕಡೆ, ತಾವು ಹಿಂತಿರುಗಿಸಿದ ನೋಟ್‌ಬುಕ್ಕಿನಲ್ಲಿ. ಆದ್ದರಿಂದ ನನ್ನ ಬೇಡಿಕೆ ಇಷ್ಟು: ನನ್ನ ಮೇಲೆ ಕೇಸು ಹಾಕಿ. ಸರ್ಕಾರದ ಹೆಸರಿನಲ್ಲಿ ಸುಳ್ಳು ಫಲಕ, ಸುಳ್ಳು ಮೊಹರು, ಎಲ್ಲವನ್ನೂ ಒಪ್ಪುತ್ತೇನೆ, ವಕೀಲರೂ ಬೇಡ. ಆದರೆ ನನ್ನ ಗೆರೆ ಸುಳ್ಳೆಂದು ಸಾಬೀತಾಗಬೇಕಾದರೆ ನಿಜವಾದ ಗೆರೆಯನ್ನು ಯಾರಾದರೂ ಹಾಜರುಪಡಿಸಬೇಕಲ್ಲವೇ? ಆಗ ಮೇಡಂ ಸಾಕ್ಷಿಕಟ್ಟೆ ಹತ್ತುತ್ತಾರೆ. ಅರ್ಜಿಯಾಗಿ ತಾವು ಮುಟ್ಟದ ಹನ್ನೊಂದು ವರ್ಷದ ಅಳತೆಗಳನ್ನು, ತಿಥಿ, ಗಂಟೆ, ಎತ್ತರ ಸಮೇತ, ನ್ಯಾಯಾಲಯದ ಗುಮಾಸ್ತರು ಸಾಲುಸಾಲಾಗಿ ಬರೆದುಕೊಳ್ಳುತ್ತಾರೆ, ಮೊಹರು ಒತ್ತುತ್ತಾರೆ. ಈ ಸಲ ಅಸಲಿ ಮೊಹರು. ಮುಂದಿನ ಅಮಾವಾಸ್ಯೆಯೊಳಗೆ ಸಮನ್ಸ್ ಕಳಿಸಿ. ನಾನು ಊರಲ್ಲೇ ಇರುತ್ತೇನೆ.

ಇಂತಿ, ಪಕ್ಕದ ಮನೆಯವರೆದುರು ತಲೆಯೆತ್ತಲಾರದ ತಮ್ಮ ಆರೋಪಿ,
ರಾಜೇಶ
ಅಘನಾಶಿನಿ, ಕುಮಟಾ ತಾಲೂಕು