ರಾಜನ ಒಂದು ಜಿಗಿತ

ಮಸ್ಕಿ
೨೦-೧-೧೯೫೪

ವಿಲಾಯತಿಗೆ ಚದುರಂಗ ಆಡಾಕ ಹೋದ ನಮ್ಮನಿ ಯಜಮಾನರಿಗೆ ನಿಮ್ಮ ಮನಿಯಾಕಿಯ ಶರಣು.

ನಾವೆಲ್ಲ ಆರಾಮ ಇದ್ದೀವಿ. ಆರು ಆಟದಾಗ ನಾಕು ಗೆದ್ದೀರಂತ ನಿಮ್ಮ ಪತ್ರ ಅತ್ತಿಯವರಿಗೆ ಓದಿ ಹೇಳಿದೆ. ಅವರು ಗುಡ್ಡದ ಮಲ್ಲಯ್ಯಗ ಕಾಯಿ ಒಡಿಸ್ಯಾರ. ಮತ್ತೊಂದು ದೇಶಕ್ಕೂ ಆಡಾಕ ಕರದಾರ, ಬರೋದು ತಡ ಆದೀತು ಅಂತ ಕೆಳಗ ಬರೆದಿದ್ದನ್ನ ಮಾತ್ರ ಅವರಿಗೆ ಓದಿಲ್ಲ.

ನೀವು ಹೊಂಟಾಗ ನಾವಿಬ್ರು ಅರ್ಧಕ್ಕ ಬಿಟ್ಟ ಆಟ ಪಡಸಾಲಿ ಮೂಲಿಯಾಗ ಹಂಗೇ ಐತಿ. ಈ ಸಲ ಪತ್ರದಾಗ ನೀವು ಪ್ಯಾದೆ ಒಮ್ಮಿಗೇ ಎರಡು ಮನಿ ನಡಿಸೀರಿ. ಅದು ಆ ಊರಿನ ಕಾಯ್ದೆ ಇರಬೇಕು. ನಮ್ಮಾಟದಾಗ ಪ್ಯಾದೆ ಒಂದೊಂದೇ ಮನಿ ನಡೀತೈತಿ, ನೀವೇ ಕಲಿಸಿದ್ದು. ಅದಕ್ಕ ನಿಮ್ಮ ಪ್ಯಾದೆ ಒಂದೇ ಮನಿ ಮುಂದಿಟ್ಟೀನಿ. ಸಿಟ್ಟಾಗಬ್ಯಾಡ್ರಿ.

ಹೊಲದಾಗ ಎಳೀ ಜೋಳದ ತೆನಿ ಸುಟ್ಟು ಸೀತನಿ ಮಾಡಾಕತ್ತಾರ. ನನಗ ಹಲ್ಲು ನೋವು, ಈ ಸಲ ತಿಂದಿಲ್ಲ. ನೀವು ಥಂಡ್ಯಾಗ ಕಿವಿಗೆ ಅರಿವಿ ಕಟಗೊಳ್ರಿ.

ಇನ್ನ ನನ್ನ ನಡೆ. ಆನಿ ಸರಿಸಿದ್ರ ನಿಮ್ಮ ರಾಜಗ ಶಹಾ ಬೀಳ್ತಿತ್ತು. ಸರಿಸಲಿಲ್ಲ, ನನ್ನ ಮೂಲಿ ಪ್ಯಾದೆ ಒಂದು ಮನಿ ನಡಿಸೀನಿ. ಹಿಂದಿನ ಎರಡು ಪತ್ರದಾಗೂ ಹಿಂಗೇ ಮಾಡೀನಿ. ನಮ್ಮಾಟದಾಗ ಒಮ್ಮೆನೂ ಶಹಾ ಬೀಳದ ರಾಜ ಒಂದು ಸಲ ಕುದುರಿಯಂಗ ಜಿಗೀಬಹುದಲ್ರೀ? ಅಲ್ಲಿ ರಾಜಗ ಆ ಜಿಗಿತ ಇಲ್ಲಂತ ನೀವೇ ಬರೆದಿದ್ರಿ. ಇಲ್ಲಿ ಐತ್ರಿ. ನಿಮಗಂತ ಉಳಿಸೀನಿ.

ಅದನ್ನ ಪತ್ರದಾಗ ಬರೀಬ್ಯಾಡ್ರಿ. ಬಂದು ನಿಮ್ಮ ಕೈಲೇ ಆಡ್ರಿ.

ನಿಮ್ಮೆದುರು ಕುಂದ್ರಾಕಿ,
ಗುರುಲಿಂಗಮ್ಮ