ರೈಟ್ ಹೇಳುವವರಿಲ್ಲದ ಗಾಡಿ

ಡ್ರೈವರ್ ತರಬೇತಿ ಹಾಸ್ಟೆಲ್,
ಹಿಂದಿನ ಸಾಲಿನ ಕೋಣೆ.
ಭಾನುವಾರ, ಊಟವಾದ ಮೇಲೆ.

ನಮ್ಮ ಬಸ್ಸಿನ ಡ್ರೈವರ್ ಸಾಹೇಬರಿಗೆ ಅದೇ ಬಸ್ಸಿನ ಕಂಡಕ್ಟರಮ್ಮ ಮಾಡುವ ನಮಸ್ಕಾರ.

ರೀ, ಕೋಪ ಇನ್ನೂ ಇಳಿದಿಲ್ಲ ಅಂತ ಗೊತ್ತು. ಮೊನ್ನೆ ಫೋನ್ ಮಾಡಿದಾಗ ನಿಮ್ಮ ತಂಗಿ ಪುಟ್ಟಿ, ಅಣ್ಣ ಮಲಗಿದ್ದಾನೆ ಅತ್ತಿಗೆ ಅಂದಳು. ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸುತ್ತಿತ್ತು. ಮಲಗಿದವರು ಹಾಗೆ ಬೇಕುಬೇಕಂತ ಕೆಮ್ಮುವುದಿಲ್ಲ. ಅದಕ್ಕೇ ಈ ಕಾಗದ. ಫೋನಾದರೆ ತಪ್ಪಿಸಿಕೊಳ್ಳಬಹುದು, ಕಾಗದವನ್ನು ಪುಟ್ಟಿ ನಿಮ್ಮ ಪಕ್ಕದಲ್ಲೇ ಕೂತು ಓದುತ್ತಾಳೆ. ಕಣ್ಣಿಗೆ ಅಕ್ಷರ ಕಾಣದಿದ್ದರೂ ಕಿವಿಗೇನೂ ಆಗಿಲ್ಲವಲ್ಲ ನಿಮಗೆ.

ಕೋಣೆಯಲ್ಲಿ ನಾವು ಮೂವರು ಹೆಂಗಸರು. ಕಬ್ಬಿಣದ ಮಂಚ, ಮಗ್ಗುಲು ಬದಲಿಸಿದರೆ ಸಾಕು, ಕಿರುಗುಟ್ಟುತ್ತದೆ. ಕಿಟಕಿ ತೆರೆದರೆ ಅಂಗಳದ ತುಂಬ ಲಾರಿಗಳು. ತಲೆಗೆ ಎಣ್ಣೆ ಹಚ್ಚಿಕೊಂಡರೂ ಡೀಸೆಲ್ ವಾಸನೆಯೇ ಬರುತ್ತದೆ. ಮೊದಮೊದಲು ಆ ವಾಸನೆ ಬಂದಾಗೆಲ್ಲ ನೀವು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ನಿಂತ ಹಾಗಾಗುತ್ತಿತ್ತು. ಎದ್ದು ಕೂತು ಬಾಗಿಲ ಕಡೆ ನೋಡಿದ್ದೂ ಉಂಟು. ಈಗ ಅಭ್ಯಾಸವಾಗಿದೆ, ನೋಡುವುದಿಲ್ಲ.

ನಾನು ಹೊರಟ ದಿನ ನೀವು ಅಂದ ಮಾತು ಮಾತ್ರ ಇನ್ನೂ ಕಿವಿಯಲ್ಲೇ ಇದೆ. 'ನನ್ನನ್ನ ಸೀಟಿಂದ ಇಳಿಸಿದ್ರು, ಈಗ ನೀನು ಹತ್ತಿ ಕೂರ್ತೀಯಾ? ಕೂತ್ಕೋ ಹೋಗು' ಅಂದು ಗೋಡೆ ಕಡೆ ತಿರುಗಿಕೊಂಡಿರಿ. ನಾನೇನು ನಿಮ್ಮ ಸೀಟು ಕಿತ್ತುಕೊಳ್ಳಲು ಹೊರಟವಳೇ? ಒಂದು ಕಣ್ಣು ಹೋಯಿತು, ಇನ್ನೊಂದು ಮಂಜಾಯಿತು ಅಂತ ಡಿಪೋದವರು ನಿಮ್ಮನ್ನು ಮನೆಗೆ ಕಳಿಸಿದರು. ವರ್ಷ ತಿರುಗುವುದರೊಳಗೆ ಬಸ್ಸಿನ ಬಾಗಿಲಲ್ಲೊಂದು ಟಿಕೆಟ್ ಮೆಷಿನ್ ಕೂರಿಸಿ ನನ್ನನ್ನೂ ಕಳಿಸಿದರು. ಇದ್ದ ಮನೆ ಬಿಟ್ಟು ಪುಟ್ಟಿಯ ಮನೆಯ ಮುಂದಿನ ಕೋಣೆಗೆ ಬಂದೆವು. ಕೆಲಸ ಕೇಳಿಕೊಂಡು ನಾನು ಹತ್ತದ ಮೆಟ್ಟಿಲಿಲ್ಲ. ಬಟ್ಟೆ ಅಂಗಡಿಯವನು, ದಿನವಿಡೀ ನಿಂತಿರಬೇಕಮ್ಮ, ನಿಮ್ಮ ಕೈಲಾಗುತ್ತಾ ಅಂದ. ಓಡುವ ಬಸ್ಸಿನಲ್ಲಿ ಆಯಸ್ಸೆಲ್ಲ ನಿಂತೇ ಕಳೆದವಳನ್ನು ಕೇಳುವ ಮಾತೇ ಅದು! ಅಲ್ಲೇ ನಗು ಬಂತು. ಬೀದಿಗಿಳಿದ ಮೇಲೆ ಅಳು ಬಂತು.

ಬಾ ಅಂದವರು ಈ ಲಾರಿ ಕಂಪನಿಯವರೊಬ್ಬರೇ. ನಾವೇ ಕಲಿಸುತ್ತೇವೆ, ಊಟ ವಸತಿ ನಮ್ಮದು, ಲೈಸೆನ್ಸ್ ಮಾಡಿಸಿಕೊಡುವುದೂ ನಮ್ಮದು, ಆಮೇಲೆ ನಮ್ಮಲ್ಲೇ ಕೆಲಸ ಅಂದರು. ಸೇರಿಸಿಕೊಳ್ಳುವಾಗ ಕಣ್ಣು ಪರೀಕ್ಷೆ ಮಾಡಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಓದಿದೆ. ಅಲ್ಲಿದ್ದ ನರ್ಸು, ಈ ವಯಸ್ಸಿಗೆ ಭೇಷ್ ಅಂದಳು. ನಿಮ್ಮದನ್ನೇ ಕದ್ದು ತಂದು ಇಲ್ಲಿ ತೋರಿಸುತ್ತಿದ್ದೇನೆ ಅನ್ನಿಸಿ ತಲೆ ತಗ್ಗಿಸಿಬಿಟ್ಟೆ.

ಇರಲಿ, ನಗು ಬರುವಂಥದ್ದೊಂದು ಹೇಳುತ್ತೇನೆ. ಪುಟ್ಟಿಗೆ ಕಾಣದ ಹಾಗೆ ನಗಿ, ಇಲ್ಲದಿದ್ದರೆ ನಿಮ್ಮ ಕೋಪದ ಮರ್ಯಾದೆ ಹೋದೀತು. ಮೊನ್ನೆ ರಿವರ್ಸ್ ತೆಗೆಯುವ ಪಾಠವಿತ್ತು. ಮೇಷ್ಟ್ರು ಹಿಂದೆ ನಿಂತು ಕೂಗುತ್ತಿದ್ದರು, ನಾನು ಕನ್ನಡಿ ನೋಡುತ್ತ ಮೆಲ್ಲಗೆ ಬರುತ್ತಿದ್ದೆ. ಅವರು ರೈಟ್ ಅಂದರು. ಅವರ ಲೆಕ್ಕದಲ್ಲಿ ಬಲಕ್ಕೆ ತಿರುಗಿಸು ಅಂತ. ನನ್ನ ಕಿವಿಗೆ ಆ ಮಾತಿನ ಅರ್ಥ ಗೊತ್ತಿರುವುದು ಒಂದೇ: ಎಲ್ಲರೂ ಹತ್ತಿ ಆಯಿತು, ಹೊರಡು. ಅವರು ರೈಟ್ ರೈಟ್ ಅಂತ ಕಿರುಚಿದಷ್ಟೂ ನಾನು ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ಬಿಟ್ಟೆ. ಹಿಂದೆ ಇಟ್ಟಿದ್ದ ತಗಡಿನ ಡ್ರಮ್ಮು ಅಪ್ಪಚ್ಚಿ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು, 'ಅಮ್ಮಾ, ರೈಟ್ ಅಂದ್ರೆ ಬಲಗಡೆ ಕಣಮ್ಮ' ಅಂದರು. 'ಅಲ್ಲ ಸಾರ್, ರೈಟ್ ಅಂದ್ರೆ ಹೋಗೋದು' ಅಂದೆ. ಅಂದಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ನಾನು ರೈಟಮ್ಮ.

ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬಸ್ಸು ಖಾಲಿಯಿದ್ದರೂ ನಾನು ರೈಟ್ ಅನ್ನದೆ ನೀವು ಗೇರ್ ಹಾಕಿದವರಲ್ಲ. ಕೊನೆಯ ಟ್ರಿಪ್ಪಿನ ಖಾಲಿ ಗಾಡಿಯಲ್ಲಿ ಯಾರಿಗೋಸ್ಕರ ಕೂಗಲಿ ಅಂತ ರೇಗಿದರೆ, ನನಗೋಸ್ಕರ ಕೂಗೇ ಅನ್ನುತ್ತಿದ್ದಿರಿ. ಕಣ್ಣು ಮಂಜಾದ ಮೇಲೂ ಅದೇ ಹಟ. ನಾನು ಮೊಣಕೈ ಹಿಡಿದು ರೈಟ್ ಅಂದರೇ ರಸ್ತೆ ದಾಟಲು ಹೆಜ್ಜೆ ಎತ್ತುವುದು. ಈಗ ಯಾರು ದಾಟಿಸುತ್ತಾರೆ ನಿಮ್ಮನ್ನು? ಅಥವಾ ದಾಟುವುದನ್ನೇ ಬಿಟ್ಟಿದ್ದೀರಾ?

ಲಾರಿಯಲ್ಲಿ ಕಂಡಕ್ಟರ್ ಇರುವುದಿಲ್ಲ ರೀ. ಇದು ಯಾರಿಗೆ ಗೊತ್ತಿಲ್ಲದ ಸಂಗತಿ? ಆದರೂ ಸ್ಟೀರಿಂಗ್ ಮುಂದೆ ಕೂರುವವರೆಗೂ ನನಗೆ ಹೊಳೆದಿರಲಿಲ್ಲ. ಬೆನ್ನ ಹಿಂದೆ ಮುಚ್ಚಿದ ಪೆಟ್ಟಿಗೆ, ನಾಳೆ ಅದರ ತುಂಬ ಯಾರದೋ ಸಾಮಾನು. ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ. ಬೆಳಿಗ್ಗೆ ಇಂಜಿನ್ ಶುರು ಮಾಡಿ ಕ್ಲಚ್ ಒತ್ತಿಕೊಂಡು ಸುಮ್ಮನೆ ಕೂತುಬಿಡುತ್ತೇನೆ, ಯಾರಾದರೂ ಹೇಳಲಿ ಅಂತ. ಹಿಂದಿನ ಗಾಡಿಯವರು ಹಾರನ್ ಹೊಡೆದಾಗಲೇ ಎಚ್ಚರ. ಜನ ಇಲ್ಲದ ಗಾಡಿ ಓಡಿಸುವುದು ನನಗೆ ಹೆದರಿಕೆ. ಡ್ರಮ್ಮಿಗೆ ಗುದ್ದುವ ಹೆದರಿಕೆಯಲ್ಲ ಇದು.

ಈಗ ಮುಖ್ಯ ವಿಷಯ. ತರಬೇತಿ ಮುಗಿಯುತ್ತ ಬಂತು. ಮುಗಿದ ಮೇಲೆ ಎರಡು ವರ್ಷ ಕಂಪನಿಯವರು ಹೇಳಿದ ಕಡೆಗೆ ಗಾಡಿ ಓಡಿಸಬೇಕು. ಎಲ್ಲ ದೂರದ ರಸ್ತೆಗಳೇ. ಮನೆಗೆ ಯಾವಾಗ ಬಿಡುತ್ತೀರಿ ಅಂತ ಕೇಳಿದರೆ ಆಫೀಸಿನ ಹುಡುಗಿ, ಲೋಡು ನೋಡಿಕೊಂಡು ಅನ್ನುತ್ತಾಳೆ. ನಡುವೆ ಬಿಟ್ಟರೆ ಕಲಿಸಿದ ಖರ್ಚೆಲ್ಲ ನಮ್ಮ ತಲೆ ಮೇಲೆ. ಅದಕ್ಕೊಂದು ಬಾಂಡಿಗೆ ಸಹಿ ಹಾಕಬೇಕು. ಮನೆಯವರನ್ನು ಕೇಳದೆ ಹಾಕುವುದಿಲ್ಲ ಅಂತ ಹೇಳಿ ಕೂತಿದ್ದೇನೆ.

ಬೇಡ ಅಂದರೆ ಗಂಟುಮೂಟೆ ಕಟ್ಟಿಕೊಂಡು ಬರುತ್ತೇನೆ. ಬಂದು ಇಬ್ಬರೂ ಆ ಕೋಣೆಯಲ್ಲಿ ಎದುರುಬದುರು ಕೂತು ಗೋಡೆ ನೋಡೋಣ. ಪುಟ್ಟಿಯ ಗಂಡ ಒಳ್ಳೆಯವನೇ, ಆದರೆ ಅವನ ಒಳ್ಳೆಯತನವನ್ನು ಎಷ್ಟು ದಿನ ಅಂತ ಉಣ್ಣುವುದು? ಬೇಕು ಅನ್ನುವುದಾದರೆ ನನಗೆ ಉಪದೇಶ ಬೇಡ, ಸಮಾಧಾನವೂ ಬೇಡ. ಮುಂದಿನ ಭಾನುವಾರ ಇದೇ ಹೊತ್ತಿಗೆ ಫೋನ್ ಮಾಡುತ್ತೇನೆ. ಕೆಮ್ಮುವುದು ಬಿಟ್ಟು ಫೋನ್ ತೆಗೆದುಕೊಂಡು ಒಂದೇ ಒಂದು ಮಾತು ಅನ್ನಿ. ನಿಮಗೋಸ್ಕರ ನಾನು ಎಷ್ಟು ಸಲ ಕೂಗಿಲ್ಲ! ಒಂದು ಸಲ ನನಗೋಸ್ಕರ ರೈಟ್ ಅನ್ನಿ ಸಾಕು.

ಇದರ ಜೊತೆ ಒಂದು ಫೋಟೋ ಇದೆ. ನಾನು ಸ್ಟೀರಿಂಗ್ ಹಿಡಿದು ಕೂತಿರುವುದು. ಕೈ ಇಡುವುದು ಹಾಗಲ್ಲ ಅಂತ ಬೈಯುವುದಕ್ಕಾದರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಉಳಿದ ಕಣ್ಣು ಇಷ್ಟರಲ್ಲೇ ನಿಲ್ಲುತ್ತದೆ, ಇನ್ನು ಇಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೆ ಸ್ವಲ್ಪ ಕೆಲಸ ಕೊಟ್ಟರೆ ತಪ್ಪೇನಿಲ್ಲ. ಔಷಧಿಯ ಹನಿ ಬಿಡುವಾಗ ಪುಟ್ಟಿಯ ಮೇಲೆ ರೇಗಬೇಡಿ.

ಫುಟ್‌ಬೋರ್ಡಿನ ಮೇಲೆ ಇನ್ನೂ ನಿಂತೇ ಇರುವ,
ನಿಮ್ಮ ಕಂಡಕ್ಟರಮ್ಮ

ತಾ.ಕ.: ಪುಟ್ಟೀ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಇನ್ನೇನು ಬರೆದಿದ್ದಾಳೆ ಅಂತ ಅಣ್ಣ ಕೇಳಿದರೆ, ಅತ್ತಿಗೆ ನನಗೆ ಅಡುಗೆಮನೆಯ ಡಬ್ಬಿಗಳ ವಿಷಯ ಬರೆದಿದ್ದಾಳೆ ಅನ್ನು. ಸಹಿ ಮೊದಲ ದಿನವೇ ಹಾಕಿ ಆಗಿದೆ. ಹಾಕದವರನ್ನು ಇಲ್ಲಿ ಗೇಟಿನೊಳಗೇ ಬಿಡುವುದಿಲ್ಲ. ಉಳಿದ ಕಣ್ಣೂ ನಿಲ್ಲುವುದಿಲ್ಲ ಕಣೇ. ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು, ಇನ್ನೊಂದು ವರ್ಷ ಕಂಡರೆ ಹೆಚ್ಚು ಅಂತ. ಈ ಎರಡು ವರ್ಷ ಮುಗಿಸಿ ನಾನು ಬಂದು ಎದುರಿಗೆ ನಿಂತಾಗ ನನ್ನ ಮುಖ ಅವರಿಗೆ ಕಾಣುವುದಿಲ್ಲ. ಅದು ಗೊತ್ತಿದ್ದೇ ಸಹಿ ಹಾಕಿದೆ. ಫೋಟೋ ದಿನಾ ತೋರಿಸು, ಸಾಕು ಅಂದರೂ ತೋರಿಸು. ರಸ್ತೆ ದಾಟಿಸುವಾಗ ಬಾ ಅನ್ನಬೇಡ, ರೈಟ್ ಅನ್ನು. ಮತ್ತೆ, ಭಾನುವಾರ ಅವರು ಫೋನಿಗೆ ಬರದಿದ್ದರೆ, ಅಣ್ಣ ರೈಟ್ ಅಂದ ಅತ್ತಿಗೆ ಅಂತ ನೀನೇ ಹೇಳಿಬಿಡು. ಸುಳ್ಳು ಅಂತ ನನಗೆ ಗೊತ್ತಾಗದ ಹಾಗೆ ಹೇಳು.